ಇಂಪಿಗೆಲ್ಲ ಒಂದೇ ಅರ್ಥ ಕೊಡುವ ಥೆಸಾರಸ್ ಆ್ಯಪ್

ಆಡಿಯೊಬುಕ್‌ಗಳಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಪರಿಚಯ ಬರೆಯುವುದು ನನ್ನ ಕೆಲಸ. ಓದಿದವರ ದನಿ ಹೇಗಿದೆ ಅಂತ ಹೇಳಲೇಬೇಕು. ಪ್ರತಿ ಸಲವೂ 'ಸ್ವೀಟ್ ವಾಯ್ಸ್' ಅಂದರೆ ಸಂಪಾದಕರು ಬಿಡುತ್ತಾರಾ? ಅದಕ್ಕೇ ಒಂದು ಪದ ಕೊಟ್ಟರೆ ಹತ್ತಿರದ ಅರ್ಥದ ಬೇರೆ ಪದಗಳನ್ನು ತೋರಿಸುವ ಈ ಥೆಸಾರಸ್ ಆ್ಯಪ್ ಹಾಕಿಕೊಂಡೆ.

'ಮೆಲೋಡಿಯಸ್' ಅಂತ ಹುಡುಕಿದರೆ ಮೆಲೋಡಿಕ್, ಸೊನೋರಸ್, ಡಲ್ಸೆಟ್, ಮೆಲಿಫ್ಲುವಸ್, ಹಾರ್ಮೋನಿಯಸ್ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಎಲ್ಲದಕ್ಕೂ ಅದೇ ಅರ್ಥ: ಕೇಳಲು ಹಿತವಾದದ್ದು. 1852ರಲ್ಲಿ ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ ತಂದ ಥೆಸಾರಸ್ ಕೂಡ ಪದಗಳನ್ನು ಗುಂಪು ಮಾಡಿತ್ತೇ ಹೊರತು ಅರ್ಥ ಬಿಡಿಸಿರಲಿಲ್ಲ. ಆದರೆ ಈಗ ಫೋನಿನಲ್ಲಿ ಜಾಗಕ್ಕೇನು ಬರ?

ಇದನ್ನು ನಂಬಿ ಸುಮ್ನೆ ಪದ ಬದಲಿಸಿದರೆ ಕೆಲಸ ಕೆಡುತ್ತದೆ. ಸೊನೋರಸ್ ಅಂದರೆ ತುಂಬಿ ಮೊಳಗುವ ದನಿ. ದೊಡ್ಡ ಗಂಟೆಗೆ, ತಗ್ಗಿನ ಗಂಡುದನಿಗೆ ಸರಿ. ಪಿಸುಗುಟ್ಟುವ ಎಳೆ ದನಿಗೆ ಹಾಕಿದರೆ ಪರಿಚಯ ಓದಿದವರು ನಗುತ್ತಾರೆ. ಮೆಲೋಡಿಕ್ ಹೊಗಳಿಕೆಯೇ ಆಗಬೇಕಂತಿಲ್ಲ, ಸ್ವರಗಳ ಸಾಲಿಗೆ ಸಂಬಂಧಿಸಿದ್ದು ಅಂತಷ್ಟೇ ಇರಬಹುದು. ಪಾಶ್ಚಾತ್ಯ ಸಂಗೀತದ 'ಮೆಲೋಡಿಕ್ ಮೈನರ್' ಎಂಬ ಸ್ವರಶ್ರೇಣಿಯನ್ನು ಯಾರೂ 'ಮೆಲೋಡಿಯಸ್ ಮೈನರ್' ಅನ್ನುವುದಿಲ್ಲ. ಇನ್ನು ಹಾರ್ಮೋನಿಯಸ್‌ಗೆ ಒಂದಕ್ಕಿಂತ ಜಾಸ್ತಿ ದನಿ ಕೂಡಬೇಕು. ಒಬ್ಬರೇ ಓದಿದ ಪುಸ್ತಕಕ್ಕೆ ಅದು ಯಾಕೆ?

ಡಲ್ಸೆಟ್ ವಿಷಯದಲ್ಲಂತೂ ಒಂದು ಎಚ್ಚರಿಕೆ ಕೊಡಲೇಬೇಕಿತ್ತು. ಈಗ ಅದು ಹೆಚ್ಚಾಗಿ ಬರುವುದು 'ಡಲ್ಸೆಟ್ ಟೋನ್ಸ್' (ಇಂಪಾದ ದನಿ) ಅಂತ, ಅದೂ ಎಷ್ಟೋ ಸಲ ಕುಹಕಕ್ಕೆ. ಗೊರಕೆಗೂ ಹಾಗೆ ಹೇಳಿ ನಗುವವರಿದ್ದಾರೆ. ದನಿ ಕೊಟ್ಟ ಕಲಾವಿದೆ ಇದನ್ನು ಹೇಗೆ ತಗೋಬೇಕು?

ಒಳ್ಳೆಯದೂ ಇದೆ. ಪದದ ಮೂಲ ತೋರಿಸುವ ಭಾಗ ಚೆನ್ನಾಗಿದೆ. ಮೆಲಿಫ್ಲುವಸ್ ಒತ್ತಿದರೆ ಲ್ಯಾಟಿನ್ನಿನ 'ಜೇನು' ಮತ್ತು 'ಹರಿಯುವುದು' ಎರಡೂ ಕಾಣುತ್ತವೆ. ತಡವರಿಸದೆ ಸಾಗುವ ಮಾತಿಗೆ ಇದು ಯಾಕೆ ಒಪ್ಪುತ್ತದೆ, ಒಂದು ಸಲ ಟಣ್ ಅನ್ನುವ ಸದ್ದಿಗೆ ಯಾಕೆ ಒಪ್ಪುವುದಿಲ್ಲ ಅಂತ ಅಲ್ಲೇ ಹೊಳೆಯುತ್ತದೆ. ಕೆಳಗಿನ ಉದಾಹರಣೆ ವಾಕ್ಯಗಳನ್ನೂ ಓದಿ. ಯಾವ ಪದ ಯಾವುದರ ಜೊತೆ ಕೂರುತ್ತದೆ ಅಂತ ಗೊತ್ತಾಗುವುದು ಅಲ್ಲೇ.

ಉಚ್ಚಾರಣೆಯ ಬಟನ್ ಮಾತ್ರ ಬೇಡವೇ ಬೇಡ. ಸೊನೋರಸ್‌ನಲ್ಲಿ ಒತ್ತು ಮೊದಲ ಅಕ್ಷರಕ್ಕೂ ಬೀಳುತ್ತದೆ, ಎರಡನೆಯದಕ್ಕೂ ಬೀಳುತ್ತದೆ. ಎರಡೂ ಸರಿ. ಇಲ್ಲಿ ಒಂದೇ ಇದೆ. ಅದನ್ನೂ ಹೇಳುವುದು ಯಂತ್ರದ ಒಣ ದನಿ. ಇಂಪಿನ ಪದಗಳಿಗೆ ಈ ಗತಿಯಾ!

ಐದಕ್ಕೆ ಮೂರು ಸ್ಟಾರ್. ಪಕ್ಕದಲ್ಲಿ ಒಂದು ಒಳ್ಳೆಯ ನಿಘಂಟು ಇದ್ದವರು ಹಾಕಿಕೊಳ್ಳಬಹುದು. ಪರೀಕ್ಷೆಗೆ ಓದುವ ಮಕ್ಕಳ ಕೈಗೆ ಇದೊಂದನ್ನೇ ಕೊಡಬೇಡಿ.