ನಾಲ್ಕು ಮಳೆಗಾಲ ಕಂಡ ಐವತ್ತು ಮೀಟರ್ ಎಕ್ಸ್‌ಟೆನ್ಶನ್ ವೈರ್

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಿಂದ ಕೊಟ್ಟಿಗೆಗೂ ಅಡಿಕೆ ಕಣಕ್ಕೂ ಕರೆಂಟ್ ಒಯ್ಯಲು 50 ಮೀಟರ್ ಉದ್ದದ, 1.5 ಚದರ ಮಿಲಿಮೀಟರಿನ ಮೂರೆಳೆ ತಾಮ್ರದ ಎಕ್ಸ್‌ಟೆನ್ಶನ್ ವೈರನ್ನು ನಾಲ್ಕು ವರ್ಷಗಳಿಂದ ಬಳಸುತ್ತಿದ್ದೇನೆ. ಮೊದಲ ಎರಡು ಮಳೆಗಾಲಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರ ಚಾಲೂ ಮಾಡಿದರೆ ಸಾಕು, ಮನೆಯ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತಿತ್ತು. "ವೈರ್ ಉದ್ದ ಜಾಸ್ತಿ ಆಯ್ತು ಮಾರಾಯ್ರೆ, ಅದ್ಕೇ ಬೀಳೋದು" ಎಂದು ಎಲೆಕ್ಟ್ರಿಷಿಯನ್ ಹೇಳಿದ್ದನ್ನು ನಾನೂ ಬಹಳ ಕಾಲ ನಂಬಿದ್ದೆ.

ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ಮರಳಿತೇ ಎಂಬುದನ್ನಷ್ಟೇ ಆರ್‌ಸಿಸಿಬಿ ನೋಡುತ್ತದೆ. ವ್ಯತ್ಯಾಸ ಏರುತ್ತಾ 15ರಿಂದ 30 ಮಿಲಿಆಂಪಿಯರ್ ನಡುವೆ ಎಲ್ಲೋ ತಲುಪಿದಾಗ ಬೀಳುತ್ತದೆ. ಉದ್ದನೆಯ ವೈರಿನಲ್ಲಿ ಫೇಸ್ ಮತ್ತು ಅರ್ತ್ ಎಳೆಗಳ ನಡುವಿನ ಕೆಪಾಸಿಟೆನ್ಸಿನಿಂದ (ಒಂದಕ್ಕೊಂದು ಮುಟ್ಟದಿದ್ದರೂ ಸ್ವಲ್ಪ ಕರೆಂಟ್ ದಾಟಿಸುವ ಗುಣ) ಸೋರಿಕೆ ಇರುವುದು ನಿಜವಾದರೂ, ನಮ್ಮ 230 ವೋಲ್ಟ್, 50 ಹರ್ಟ್ಸ್ ಸರಬರಾಜಿನಲ್ಲಿ ಅದು 50 ಮೀಟರಿಗೆ ಸಾಮಾನ್ಯವಾಗಿ ಅರ್ಧ ಮಿಲಿಆಂಪಿಯರಿನ ಆಸುಪಾಸು. ಅಷ್ಟಕ್ಕೇ ಟ್ರಿಪ್ ಆಗುವುದಿಲ್ಲ.

ಮೂರನೆಯ ವರ್ಷ ಜುಲೈನಲ್ಲಿ ಯಂತ್ರವನ್ನು ಕಳಚಿ ಬರೀ ವೈರನ್ನೇ ಪ್ಲಗ್ ಹಾಕಿ ನೋಡಿದೆ. ಜಗಲಿಯ ಮೇಲೆ ಬಿಡಿಸಿಟ್ಟಾಗ ಏನೂ ಆಗಲಿಲ್ಲ. ಅಂಗಳದಲ್ಲಿ ಹಾಸಿದ ಕೆಲವೇ ನಿಮಿಷಗಳಲ್ಲಿ ಬಿತ್ತು. ಪ್ಲಗ್ ತೆಗೆದು ಗೇಣು ಗೇಣು ತಡವುತ್ತಾ ಹೋದಾಗ, ಇಲಿ ಕಡಿದದ್ದಕ್ಕೆ ಹಿಂದೊಮ್ಮೆ ನಾನೇ ಟೇಪ್ ಸುತ್ತಿದ್ದ ಜಾಯಿಂಟ್ ಸಿಕ್ಕಿತು. ಟೇಪ್ ಬಿಚ್ಚಿದರೆ ಒಳಗೆ ನೀರು, ತಾಮ್ರದ ಮೇಲೆ ಹಸಿರು ಕಿಲುಬು. 15 ಮಿಲಿಆಂಪಿಯರ್ ಸೋರಲು ಆ ಒದ್ದೆಯ ದಾರಿಯ ರೋಧ ಸುಮಾರು 15 ಕಿಲೋಓಮಿಗೆ ಇಳಿದರೆ ಸಾಕು. ಅಷ್ಟು ದಿನ ಆರ್‌ಸಿಸಿಬಿಯನ್ನು ಬೈದದ್ದು ತಪ್ಪಾಗಿತ್ತು. ಬರಿಗಾಲಲ್ಲಿ ಅಂಗಳ ದಾಟುವ ಮನೆಮಂದಿಯನ್ನು ಅದೇ ಕಾದಿತ್ತು.

ಆ ಭಾಗವನ್ನು ಕತ್ತರಿಸಿ ತೆಗೆದು, ತುದಿಗೆ ನೀರು ಹೋಗದ ಮುಚ್ಚಳದ ಸಾಕೆಟ್ ಹಾಕಿಸಿ, ಅದನ್ನು ಗೂಟಕ್ಕೆ ನೇತುಹಾಕಲು ಆರಂಭಿಸಿದೆ. ಫ್ರಿಜ್, ಇನ್ವರ್ಟರ್ ಇತ್ಯಾದಿಗಳ ಸಣ್ಣ ಸಣ್ಣ ಸೋರಿಕೆ ಒಂದಕ್ಕೊಂದು ಕೂಡದಿರಲೆಂದು ಹೊರಗಿನ ಲೈನಿಗೆ ಪ್ರತ್ಯೇಕ ಆರ್‌ಸಿಸಿಬಿಯನ್ನೂ ಕೂರಿಸಿದೆ. ಅಲ್ಲಿಂದೀಚೆಗೆ ಒಮ್ಮೆ ಮಾತ್ರ ಬಿದ್ದಿದೆ: ತಿಂಗಳುಗಟ್ಟಲೆ ನಿಂತಿದ್ದ ಮೋಟಾರಿನ ವೈಂಡಿಂಗ್ ಶೀತ ಹಿಡಿದಿತ್ತು, ಒಣಗಿಸಿದ ಮೇಲೆ ಸರಿಹೋಯಿತು.

ವೈರಿನ ಉದ್ದದ ಬಗ್ಗೆ ನನ್ನ ನಿಜವಾದ ದೂರು ಬೇರೆಯೇ ಇದೆ. 10 ಆಂಪಿಯರ್ ಎಳೆದಾಗ ಇದರಲ್ಲಿ ಸುಮಾರು 12 ವೋಲ್ಟ್ ಇಳಿಯುತ್ತದೆ, ಮೊದಲೇ ವೋಲ್ಟೇಜ್ ಸಾಲದ ನಮ್ಮೂರಿನಲ್ಲಿ ಮೋಟಾರು ಏದುಸಿರು ಬಿಡುತ್ತದೆ. ಈಗ ಕೊಳ್ಳುವುದಾದರೆ 2.5 ಚದರ ಮಿಲಿಮೀಟರಿನದ್ದನ್ನೇ, ಜಾಯಿಂಟ್ ಇಲ್ಲದ ಒಂದೇ ತುಂಡಾಗಿ ಕೊಳ್ಳುತ್ತೇನೆ.