ಬಿಪಿ ನೋಡೋಕೆ ಯಾವುದು ಒಳ್ಳೇದು: ಮೆಡಿಕಲ್ ಶಾಪೋ, ಮಣಿಕಟ್ಟಿನ ಮಷಿನ್ನೋ, ತೋಳಿನದೋ?

ನಮ್ಮನೆಯಲ್ಲಿ ಬಿಪಿ ಮಾತ್ರೆ ನುಂಗುವವರು ಮೂರು ಜನ: ನಾನು, ಅತ್ತೆ, ಮಾವ. ಹಾಗಾಗಿ ಚಿಕ್ಕಮಗಳೂರಿನಲ್ಲಿ ಕೂತು ಬಿಪಿ ನೋಡಿಕೊಳ್ಳುವ ಮೂರೂ ದಾರಿಗಳನ್ನು ಬಳಸಿ ನೋಡಿದ್ದೇವೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ತೋಳಿಗೆ ಸುತ್ತುವ ಮಷಿನ್‌ಗೆ. ಆದರೆ ಪಟ್ಟಿಯ ಅಳತೆ ನೋಡದೆ ತಂದರೆ ಅದೂ ದಂಡ.

ಮೆಡಿಕಲ್ ಶಾಪ್‌ನದು ಬೇಗ ಮುಗಿಯುವ ಮಾತು. ಏರು ಹತ್ತಿ ಹೋಗಿರುತ್ತೇವೆ, ಉಸಿರು ಇನ್ನೂ ಇಳಿದಿರುವುದಿಲ್ಲ. ಹುಡುಗ ಸ್ವೆಟರ್ ಮೇಲೇ ಪಟ್ಟಿ ಸುತ್ತಿ, "ನಿಮ್ಮ ಕಡೆ ಮಳೆ ಹೆಂಗೆ ಆಂಟಿ?" ಅಂತ ಕೇಳುತ್ತಲೇ ಗುಂಡಿ ಒತ್ತುತ್ತಾನೆ. ಮಾತಾಡಿದರೂ ಬಿಪಿ ಏರುತ್ತದೆ ಅಲ್ವಾ? ಅಲ್ಲಿ ನನಗೆ ಮೇಲಿನದು 150 ದಾಟುತ್ತಿತ್ತು, ಮನೆಯಲ್ಲಿ 130ರ ಆಸುಪಾಸು. ಸುಮ್ನೆ ಗಾಬರಿ. ಕ್ಲಿನಿಕ್‌ನಲ್ಲಿ ಸಮಾಧಾನವಾಗಿ ನೋಡುತ್ತಾರೆ, ನಿಜ. ಆದರೆ ಡಾಕ್ಟರನ್ನು ಕಂಡರೇ ಬಿಪಿ ಏರುವವರೂ ಇದ್ದಾರೆ. ಅದಕ್ಕೇ ಕ್ಲಿನಿಕ್‌ನಲ್ಲಿ 140/90 ಗಡಿ ಅಂತಿಟ್ಟುಕೊಂಡರೆ, ಮನೆಯ ಅಳತೆಗೆ 135/85 ಗಡಿ.

ಮಣಿಕಟ್ಟಿನ ಮಷಿನ್ ಅತ್ತೆಗೆ ಬಲು ಇಷ್ಟ. ತಾವೇ ಕಟ್ಟಿಕೊಳ್ಳಬಹುದು, ಸ್ವೆಟರ್ ಬಿಚ್ಚಬೇಕಿಲ್ಲ. ನಮ್ಮೂರ ಆಷಾಢದ ಚಳಿಯಲ್ಲಿ ಇದೇನು ಸಣ್ಣ ಅನುಕೂಲವಲ್ಲ. ತೊಂದರೆ ಇರುವುದು ಕೈ ಇಡುವ ಜಾಗದಲ್ಲಿ. ಮಣಿಕಟ್ಟು ಎದೆಯ ಮಟ್ಟದಲ್ಲಿ ಇರಬೇಕು. 10 ಸೆಂಟಿಮೀಟರ್ ಕೆಳಗಿದ್ದರೆ ಹೆಚ್ಚುಕಡಿಮೆ 8 ಪಾಯಿಂಟ್ ಜಾಸ್ತಿ ತೋರಿಸುತ್ತದೆ. ಮೇಲಕ್ಕೆ ಎತ್ತಿದರೆ ಅಷ್ಟೇ ಕಡಿಮೆ. ಅತ್ತೆ ತೊಡೆಯ ಮೇಲೆ ಕೈ ಇಟ್ಟಾಗ 152 ಬಂತು. ಮೊಣಕೈಯನ್ನು ಊಟದ ಮೇಜಿನ ಮೇಲೆ ಊರಿಸಿ, ಮಡಚಿದ ಟವೆಲ್ ಕೊಟ್ಟು ಮಣಿಕಟ್ಟನ್ನು ಎದೆಯ ಮಟ್ಟಕ್ಕೆ ತಂದಾಗ 138. ಎರಡರ ನಡುವೆ ಅವರು ಕುರ್ಚಿಯಿಂದ ಎದ್ದಿರಲೂ ಇಲ್ಲ. ದಿನಾ ಇಷ್ಟು ನಾಜೂಕು ಯಾರು ಮಾಡುತ್ತಾರೆ?

ತೋಳಿನ ಮಷಿನ್‌ನಲ್ಲಿ ಈ ರಗಳೆ ಕಡಿಮೆ. ಕೈಯನ್ನು ಮೇಜಿನ ಮೇಲೆ ಆರಾಮಾಗಿ ಚಾಚಿದರೆ ಪಟ್ಟಿ ತಾನಾಗೇ ಎದೆಯ ಮಟ್ಟಕ್ಕೆ ಬರುತ್ತದೆ. ಇಲ್ಲಿ ನೋಡಬೇಕಾದ್ದು ಅಳತೆ. ಡಬ್ಬಿಯಲ್ಲಿ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ಅತ್ತೆಯ ತೋಳನ್ನು ಭುಜಕ್ಕೂ ಮೊಣಕೈಗೂ ನಡುವೆ ಟೈಲರ್ ಟೇಪಿನಲ್ಲಿ ಅಳೆದರೆ 35. ಪಟ್ಟಿ ಬಿಗಿಯಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರುತ್ತದೆ. 22ರಿಂದ 42ರ ದೊಡ್ಡ ಪಟ್ಟಿ ಬೇರೆಯಾಗಿ ತರಿಸಿದೆವು. "ಕೈನೇ ಹಿಂಡಿ ಹಾಕ್ತದೆ ಕಣೇ" ಎನ್ನುವ ಅವರ ದೂರು ಆಮೇಲೆ ನಿಂತಿತು. ಇನ್ನೊಂದು: ಸ್ವೆಟರ್ ತೋಳನ್ನು ಮೇಲಕ್ಕೆ ಸುರುಳಿ ಸುತ್ತಬೇಡಿ. ಅದು ಹಗ್ಗದ ಹಾಗೆ ಬಿಗಿದು ಅಳತೆ ಕೆಡಿಸುತ್ತದೆ. ಆ ಒಂದು ಕೈಯನ್ನು ಪೂರ್ತಿ ಹೊರಗೆ ತೆಗೆಯಿರಿ.

ಬೆಲೆಯಲ್ಲಿ ನಮಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಯಾವ ಮಷಿನ್ ಆದರೂ ಶಿಸ್ತು ಒಂದೇ. ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದು, ಮಾತ್ರೆಗೂ ತಿಂಡಿಗೂ ಮೊದಲು, ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ 5 ನಿಮಿಷ ಸುಮ್ಮನೆ ಕೂರಬೇಕು. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆದಿಡಬೇಕು. ಸಂಜೆಯೂ ಹಾಗೇ. ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ ಇಲ್ಲ. ಕಾಫಿ ಸೀಮೆಯವರಿಗೆ ಕಷ್ಟದ ಷರತ್ತೇ ಇದು. ಫಿಲ್ಟರ್‌ಗೆ ಡಿಕಾಕ್ಷನ್ ಹಾಕಿಟ್ಟು, ಅದು ಇಳಿಯುವಷ್ಟರಲ್ಲಿ ನಾನು ಅಳತೆ ಮುಗಿಸುತ್ತೇನೆ. ಒಂದು ದಿನದ ಅಂಕಿ ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ, ಪುಸ್ತಕ ಡಾಕ್ಟರಿಗೆ ತೋರಿಸಿ. ಚಳಿಗೆ ರಕ್ತನಾಳ ಬಿಗಿಯುವುದರಿಂದ ಡಿಸೆಂಬರಿನಲ್ಲಿ ಅಂಕಿ ತುಸು ಮೇಲಿರುವುದೂ ಉಂಟು. ಆದರೆ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಇದ್ದರೆ ಪುಸ್ತಕ ಗಿಸ್ತಕ ಬೇಡ, ತಕ್ಷಣ ಆಸ್ಪತ್ರೆಗೆ ಹೊರಡಿ.

ಮಾವನವರಿಗೆ ಮಾತ್ರ ನಮ್ಮ ಎರಡೂ ಮಷಿನ್ ಒಗ್ಗಲಿಲ್ಲ. ಅವರ ನಾಡಿ ಬಡಿತ ಏರುಪೇರು. ಈ ಮಷಿನ್‌ಗಳು ಬಡಿತದ ಅಲೆಯನ್ನೇ ನಂಬಿ ಲೆಕ್ಕ ಹಾಕುವುದರಿಂದ ಒಮ್ಮೆ 128, ಮರುಕ್ಷಣ 155, ಇನ್ನೊಮ್ಮೆ ಬರೀ ಎರರ್. ಅವರ ಬಿಪಿಯನ್ನು ಡಾಕ್ಟರೇ ಸ್ಟೆತಾಸ್ಕೋಪ್ ಇಟ್ಟು, ಕೈಯಿಂದ ಪಂಪು ಹೊಡೆದು, ಒಂದಕ್ಕಿಂತ ಹೆಚ್ಚು ಸಲ ನೋಡುತ್ತಾರೆ.