ಬೆಂಗಳೂರು–ಮಂಗಳೂರು ಓಡಾಟ: ಬಸ್ಸು, ರೈಲು, ಕಾರು, ವಿಮಾನ ನಾಲ್ಕನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿ.ಮೀ. ಹುಬ್ಬಳ್ಳಿ ಇದಕ್ಕಿಂತ ದೂರ, ಆದರೆ ಹುಬ್ಬಳ್ಳಿಗೆ ಹೊರಟವರು ಬಸ್ಸೋ ರೈಲೋ ಎಂದು ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ತಲೆ ಕೆಡಿಸುವುದು ಸಕಲೇಶಪುರ ದಾಟಿದ ಮೇಲೆ ಬರುವ ಶಿರಾಡಿ ಘಟ್ಟ. ಬೆಲೆ, ವೇಗ, ಸೀಟಿನ ಮೆತ್ತೆ ಎಲ್ಲ ಆಮೇಲಿನ ಮಾತು. ಯಾವ ತಿಂಗಳಲ್ಲಿ, ದಿನದ ಯಾವ ಹೊತ್ತಿನಲ್ಲಿ ಘಟ್ಟ ಇಳಿಯುತ್ತೀರಿ ಎಂಬುದು ಮೊದಲು ಗೊತ್ತಾಗಬೇಕು. ಜನವರಿಯಲ್ಲಿ ಐದು ಸ್ಟಾರ್ ಕೊಡಬಹುದಾದ ರಾತ್ರಿ ಬಸ್ಸಿಗೆ ಜುಲೈಯಲ್ಲಿ ಎರಡು ಕೊಡುವುದೂ ಕಷ್ಟ.

ಮೊದಲು ಮನೆಯಿಂದ ಮನೆಗೆ ಹಿಡಿಯುವ ಸಮಯ ನೋಡೋಣ. ಜಯನಗರದಿಂದ ಹಂಪನಕಟ್ಟೆಗೆ ಎಂದಿಟ್ಟುಕೊಳ್ಳಿ. ವಿಮಾನ ಹಾರುವುದು ಒಂದು ಗಂಟೆ ಚಿಲ್ಲರೆ. ಆದರೆ ದೇವನಹಳ್ಳಿ ಮುಟ್ಟಲು ಒಂದೂವರೆಯಿಂದ ಎರಡು ಗಂಟೆ, ಅಲ್ಲಿ ಕಾಯುವುದು ಒಂದೂವರೆ, ಬಜ್ಪೆಯಲ್ಲಿ ಇಳಿದು ಬ್ಯಾಗು ತೆಗೆದುಕೊಂಡು ನಗರಕ್ಕೆ ಬರಲು ಮತ್ತೊಂದು ಗಂಟೆ. ಒಟ್ಟು ಐದೂವರೆ ಆಗುತ್ತದೆ. ಮುಂಜಾನೆ ಹೊರಟ ಕಾರಿಗೆ ಏಳು, ಏಳೂವರೆ. ರಾತ್ರಿ ಬಸ್ಸಿಗೆ ಎಂಟು, ರೈಲಿಗೆ ಹತ್ತು. ಅಂದರೆ ವಿಮಾನಕ್ಕೂ ಕಾರಿಗೂ ಇರುವ ಅಂತರ ಎರಡೇ ಗಂಟೆ. ಯಲಹಂಕ, ಹೆಬ್ಬಾಳದವರಿಗೆ ವಿಮಾನ ನಿಜವಾಗಿಯೂ ಬೇಗ. ಕೆಂಗೇರಿ, ನಾಗರಬಾವಿ ಕಡೆಯವರು ಏರ್‌ಪೋರ್ಟಿಗೆ ಹೋಗುವ ಹೊತ್ತಿಗೆ ಕುಣಿಗಲ್ ದಾಟಿರಬಹುದು.

ಹೆಚ್ಚು ಜನ ಬಳಸುವುದು ರಾತ್ರಿ ಬಸ್ಸನ್ನೇ. ಕೆಎಸ್‌ಆರ್‌ಟಿಸಿಯಲ್ಲಿ ಕೆಂಪು ಬಸ್ಸಿನಿಂದ ಹಿಡಿದು ರಾಜಹಂಸ, ಎ.ಸಿ. ಇಲ್ಲದ ಸ್ಲೀಪರ್ ಪಲ್ಲಕ್ಕಿ, ಐರಾವತ ಕ್ಲಬ್ ಕ್ಲಾಸ್, 2023ರಲ್ಲಿ ಬಂದ ಅಂಬಾರಿ ಉತ್ಸವದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇವೆ. ಕೆಂಪು ಬಸ್ಸಿನ ಟಿಕೆಟ್ 500ರ ಆಸುಪಾಸು, ಎ.ಸಿ. ಸ್ಲೀಪರ್ ಸಾವಿರ ದಾಟುತ್ತದೆ. ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಇರುವುದು ಕೆಂಪು ಬಸ್ಸಿಗೆ ಮಾತ್ರ. ರಾಜಹಂಸ, ಸ್ಲೀಪರ್, ಎ.ಸಿ. ಯಾವುದಕ್ಕೂ ಅನ್ವಯಿಸುವುದಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ.

ಸ್ಲೀಪರೋ ಸೀಟೋ ಎನ್ನುವ ಪ್ರಶ್ನೆಗೆ ಈ ದಾರಿಯಲ್ಲಿ ಉತ್ತರ ಬೇರೆ. ಹತ್ತೂವರೆಗೆ ಮೆಜೆಸ್ಟಿಕ್ ಬಿಟ್ಟ ಬಸ್ಸು ಹಾಸನದವರೆಗೆ ನೀರಿನ ಮೇಲೆ ತೇಲಿದಂತೆ ಹೋಗುತ್ತದೆ. ಘಟ್ಟ ಶುರುವಾಗುವುದು ಮೂರರ ಹೊತ್ತಿಗೆ, ಗಾಢ ನಿದ್ದೆಯ ಸಮಯದಲ್ಲಿ. ಹೆಚ್ಚಿನ ಸ್ಲೀಪರ್‌ಗಳಲ್ಲಿ ಕಾಲು ಡ್ರೈವರ್ ಕಡೆ, ತಲೆ ಹಿಂದೆ. ಇಳಿಯುವಾಗ ಬಸ್ಸಿನ ಮುಂಭಾಗ ತಗ್ಗಿರುವುದರಿಂದ ತಲೆ ಎತ್ತರದಲ್ಲೇ ಇರುತ್ತದೆ, ಮೈ ಮಾತ್ರ ಕಾಲಿನ ಕಡೆ ಜಾರುತ್ತದೆ. ಮಂಗಳೂರಿನಿಂದ ವಾಪಸ್ ಹತ್ತುವಾಗ ಇದು ತಿರುವುಮುರುವು: ಕಾಲು ಮೇಲೆ, ತಲೆ ಕೆಳಗೆ. ಅದಕ್ಕೇ ಎಷ್ಟೋ ಜನ ಸಕಲೇಶಪುರದ ಹತ್ತಿರ ತಲೆನೋವಿನಿಂದ ಏಳುತ್ತಾರೆ. ದಿಂಬನ್ನು ಮಡಚಿ ಎರಡರಷ್ಟು ಎತ್ತರ ಮಾಡಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಬರ್ತ್ ಆರಿಸುವಾಗ ಕೆಳಗಿನದು, ಎರಡು ಜೋಡಿ ಚಕ್ರಗಳ ನಡುವಿನದು ನೋಡಿ. ಮೇಲಿನ ಬರ್ತ್‌ನಲ್ಲಿ ತೂಗಾಟ ಹೆಚ್ಚು. ಕೊನೆಯ ಸಾಲು ಹಿಂದಿನ ಚಕ್ರಕ್ಕಿಂತ ಆಚೆ ಚಾಚಿಕೊಂಡಿರುವುದರಿಂದ ಪ್ರತಿ ತಿರುವಿನಲ್ಲೂ ಬಾಲದಂತೆ ಬೀಸುತ್ತದೆ, ಪ್ರತಿ ಗುಂಡಿಯಲ್ಲೂ ಎತ್ತಿ ಹಾಕುತ್ತದೆ. ಆ ಸಾಲನ್ನು ಕೊನೆಗೆ ಉಳಿದ ಟಿಕೆಟ್ ಎಂದು ಕಡಿಮೆ ಬೆಲೆಗೆ ಕೊಡುವುದು ಸುಮ್ಮನೆ ಅಲ್ಲ. ವಾಂತಿಯ ಸಮಸ್ಯೆ ಇರುವವರಿಗೆ ಸ್ಲೀಪರ್‌ಗಿಂತ ಮುಂದಿನ ಮೂರು ಸಾಲಿನ ಪುಶ್‌ಬ್ಯಾಕ್ ಸೀಟೇ ವಾಸಿ. ಮಾತ್ರೆ ನುಂಗುವವರು ಚನ್ನರಾಯಪಟ್ಟಣದ ಹೊತ್ತಿಗೇ ನುಂಗಿರಬೇಕು. ಮೊದಲ ತಿರುವು ಬಂದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಅನುಮಾನ.

ಖಾಸಗಿ ಬಸ್ಸುಗಳದು ಇನ್ನೊಂದು ಲೆಕ್ಕ. ಟಿಕೆಟ್ಟಿನಲ್ಲಿ ರಾತ್ರಿ 9:30 ಎಂದಿರುತ್ತದೆ. ಅದು ಮೊದಲ ಪಿಕಪ್ ಪಾಯಿಂಟಿನ ಸಮಯ. ಮಡಿವಾಳದಲ್ಲೋ ಕಲಾಸಿಪಾಳ್ಯದಲ್ಲೋ ಹತ್ತಿದವರು ಊರು ಸುತ್ತಿ ನೆಲಮಂಗಲ ಮುಟ್ಟುವಾಗ ಒಂದೂವರೆ ಗಂಟೆ ಕಳೆದಿರುತ್ತದೆ. ಮೆಟ್ರೊದಲ್ಲಿ ಗೊರಗುಂಟೆಪಾಳ್ಯಕ್ಕೆ ಬಂದು ಅಲ್ಲಿ ಹತ್ತಿದರೆ ಆ ಸುತ್ತಾಟ ಉಳಿಯುತ್ತದೆ. ಪಿಕಪ್ ಪಾಯಿಂಟ್ ಬದಲಾಯಿಸುವುದನ್ನು ಟಿಕೆಟ್ ಮಾಡುವಾಗಲೇ ಮಾಡಿ, ಬಸ್ಸು ಹೊರಟ ಮೇಲೆ ಫೋನಿನಲ್ಲಿ ಹೇಳಿದರೆ ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ. ಬೆಲೆಯಂತೂ ದೀಪಾವಳಿ, ಗಣೇಶ ಚತುರ್ಥಿ, ಚುನಾವಣೆಯ ಹಿಂದಿನ ದಿನ ಎರಡು ಮೂರು ಪಟ್ಟು. ಹತ್ತಿದ ಕೂಡಲೇ ತುರ್ತು ಕಿಟಕಿ ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಅದರ ಜಾಗದಲ್ಲಿದೆಯೇ ನೋಡಿಕೊಳ್ಳಿ. ಪರದೆ ಎಳೆದುಕೊಂಡು ಮಲಗಿದ ಮೇಲೆ ಕತ್ತಲೆಯಲ್ಲಿ ಹುಡುಕುವ ವಸ್ತು ಅದಲ್ಲ.

ರೈಲಿನ ವಿಷಯಕ್ಕೆ ಬಂದರೆ, ಇದು ನಿಧಾನ ಎಂದು ಬೈಯುವವರು ಆ ಹಳಿ ಎಲ್ಲಿ ಹಾದುಹೋಗುತ್ತದೆ ಎಂದು ಒಮ್ಮೆ ನೋಡಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ.ನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ದೊಡ್ಡ ಸೇತುವೆ. ಇಳಿಜಾರು 50ಕ್ಕೆ 1, ಅಂದರೆ ಒಂದು ಕಿ.ಮೀ.ಗೆ 20 ಮೀಟರ್. ಅಲ್ಲಿನ ವೇಗದ ಮಿತಿ ಗಂಟೆಗೆ 30 ಕಿ.ಮೀ. ಸಕಲೇಶಪುರದಲ್ಲಿ ಗಾಡಿ ನಿಂತು ಬ್ರೇಕ್ ಪರೀಕ್ಷೆ ಆಗಬೇಕು. ಸುಬ್ರಹ್ಮಣ್ಯ ರೋಡ್‌ನಿಂದ ಹತ್ತುವಾಗ ಹಿಂದಿನಿಂದ ದೂಡುವ ಎಂಜಿನ್ ಜೋಡಿಸಬೇಕು. ಎಡಕುಮೇರಿ, ಸಿರಿಬಾಗಿಲು ಮುಂತಾದ ಕಡೆ ಎದುರಿನ ಗಾಡಿಗೆ ದಾರಿ ಬಿಡಬೇಕು. ಹೀಗಾಗಿ ಈ 55 ಕಿ.ಮೀ.ಗೇ ಎರಡೂವರೆ ಗಂಟೆ. ಮೀಟರ್ ಗೇಜ್ ಇದ್ದದ್ದನ್ನು 1996ರಲ್ಲಿ ನಿಲ್ಲಿಸಿ, ಬ್ರಾಡ್ ಗೇಜ್ ಮಾಡಿ ಪ್ರಯಾಣಿಕರ ರೈಲು ಮತ್ತೆ ಬಿಡುವಾಗ 2007 ಆಗಿತ್ತು. 2017ರಲ್ಲಿ ಕುಣಿಗಲ್–ಶ್ರವಣಬೆಳಗೊಳ ಮಾರ್ಗ ಶುರುವಾದ ಮೇಲೆ ಹಾಸನದವರೆಗಿನ ಸುತ್ತು ತಪ್ಪಿತು, ಆದರೆ ಘಟ್ಟ ಘಟ್ಟವೇ.

ಆದರೂ ರಾತ್ರಿ ನಿದ್ದೆಗೆ ರೈಲಿನಷ್ಟು ಒಳ್ಳೆಯದು ಬೇರೆ ಇಲ್ಲ. 30ರ ವೇಗದಲ್ಲಿ ಇಳಿಯುವ ಬೋಗಿಯಲ್ಲಿ ಮಲಗಿದವರಿಗೆ ಘಟ್ಟ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಶೌಚಾಲಯ ಇದೆ, ಎದ್ದು ಓಡಾಡಬಹುದು. ಸಕ್ಕರೆ ಕಾಯಿಲೆಯವರು, ಮಂಡಿನೋವಿನವರು, ಚಿಕ್ಕ ಮಕ್ಕಳ ಜೊತೆ ಹೋಗುವವರು ಬೇರೆ ಯೋಚನೆ ಮಾಡುವುದೇ ಬೇಡ. ಸ್ಲೀಪರ್ ಕ್ಲಾಸಿನ ದರ 300ರ ಆಸುಪಾಸು ಎಂದಮೇಲೆ ಪೈಪೋಟಿಯೂ ಇರಲೇಬೇಕಲ್ಲ.

ಯಾವ ರೈಲು ಎಂಬಲ್ಲಿ ಎಡವುವವರು ಬಹಳ. ಕಣ್ಣೂರು ಎಕ್ಸ್‌ಪ್ರೆಸ್ ಮಂಗಳೂರು ಸೆಂಟ್ರಲ್‌ಗೆ ಹೋಗುತ್ತದೆ. ಅದು ನಗರದ ನಡುವೆ. ಮಂಗಳೂರು ಜಂಕ್ಷನ್ ಇರುವುದು ಪಡೀಲ್ ಕಡೆ, ಆಟೊ ಬೇಕು. ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ನಗರದೊಳಗೆ ಬರುವುದೇ ಇಲ್ಲ, ಪಡೀಲ್ ಬೈಪಾಸಿನಲ್ಲಿ ನೇರ ಸುರತ್ಕಲ್ ಕಡೆ ಹೊರಟುಹೋಗುತ್ತದೆ. ಉಡುಪಿ, ಕುಂದಾಪುರದವರಿಗೆ ಅದೇ ಸರಿ. ಮಂಗಳೂರಿನವರು ಗೊತ್ತಿಲ್ಲದೆ ಹತ್ತಿದರೆ ನಡುರಾತ್ರಿ ಬಂಟ್ವಾಳದಲ್ಲಿ ಇಳಿಯಬೇಕಾದೀತು. ಮುರ್ಡೇಶ್ವರದ ಗಾಡಿ ಮೈಸೂರು ಸುತ್ತಿ ಬರುವುದರಿಂದ ಹೊತ್ತು ಹೆಚ್ಚು, ಹಾಗೆಂದೇ ಅದರಲ್ಲಿ ಸೀಟು ಸಿಗುವ ಸಾಧ್ಯತೆಯೂ ಸ್ವಲ್ಪ ಹೆಚ್ಚು.

2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ಹಬ್ಬದ ವಾರದ ಟಿಕೆಟ್ ಬೇಕಿದ್ದರೆ ಅರವತ್ತನೇ ದಿನ ಬೆಳಗ್ಗೆ ಎಂಟಕ್ಕೇ ಕೂರಬೇಕು. ತತ್ಕಾಲ್ ಎ.ಸಿ.ಗೆ ಹಿಂದಿನ ದಿನ ಹತ್ತಕ್ಕೆ, ಸ್ಲೀಪರ್‌ಗೆ ಹನ್ನೊಂದಕ್ಕೆ. ತತ್ಕಾಲ್‌ಗೆ 2025ರ ಜುಲೈಯಿಂದ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಣೆ ಆಗಿರಲೇಬೇಕು. ಅದನ್ನು ಹತ್ತಕ್ಕೆ ಐದು ನಿಮಿಷ ಇರುವಾಗ ಮಾಡಲು ಹೊರಡಬೇಡಿ. ರೈಲು ಮೂರು ಗಂಟೆಗಿಂತ ತಡವಾಗಿ, ನೀವು ಹೋಗದೇ ಇರುವುದಾದರೆ, ಗಾಡಿ ಹೊರಡುವ ಮೊದಲೇ ಟಿಡಿಆರ್ (ಹಣ ವಾಪಸ್ ಕೇಳುವ ಅರ್ಜಿ) ಹಾಕಿದರೆ ಪೂರ್ತಿ ಹಣ ವಾಪಸ್. ಹೊರಟ ಮೇಲೆ ಹಾಕಿದರೆ ಇಲ್ಲ.

ಹಗಲು ರೈಲಿನ ವಿಸ್ಟಾಡೋಮ್ ಬೋಗಿಯನ್ನು ಸಾರಿಗೆ ಎಂದು ನೋಡಬೇಡಿ. 2021ರ ಜುಲೈಯಲ್ಲಿ ಬಂದ ಇದರಲ್ಲಿ 44 ಸೀಟು, ಗಾಜಿನ ಛಾವಣಿ, ತಿರುಗುವ ಕುರ್ಚಿ. ಮಳೆಯ ಅಬ್ಬರ ತಗ್ಗಿದ ಮೇಲೆ, ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಅದರ ಬೆಲೆ ವಸೂಲಿ. ಮಾರ್ಚಿನ ಮಧ್ಯಾಹ್ನ ಛಾವಣಿಯ ಗಾಜಿನಿಂದ ಬಿಸಿಲು ನೆತ್ತಿಗೇ ಹೊಡೆಯುತ್ತದೆ, ಟೋಪಿ ಇಟ್ಟುಕೊಳ್ಳಿ.

ಕಾರು ಲಾಭವಾಗುವುದು ಮೂರು ಜನ ಮೇಲ್ಪಟ್ಟು ಇದ್ದಾಗ. ಲೀಟರಿಗೆ 16 ಕಿ.ಮೀ. ಕೊಡುವ ಪೆಟ್ರೋಲ್ ಗಾಡಿಗೆ 22 ಲೀಟರ್ ಬೇಕು. ಟೋಲ್ ಸೇರಿಸಿದರೆ ಒಂದು ಕಡೆಗೆ 2,800 ರೂಪಾಯಿಯ ಹತ್ತಿರ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 700. ಒಬ್ಬರೇ ಹೋದರೆ ವಿಮಾನದ ದುಡ್ಡು. ತಿಂಗಳಿಗೆರಡು ಬಾರಿ ಊರಿಗೆ ಹೋಗುವವರು 2025ರ ಆಗಸ್ಟ್‌ನಲ್ಲಿ 3,000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿ. ಒಂದು ವರ್ಷ ಅಥವಾ 200 ಟೋಲ್ ದಾಟುವಿಕೆ, ಯಾವುದು ಮೊದಲೋ ಅದು.

ಘಟ್ಟ ಇಳಿಯುವ ಕ್ರಮ ಗೊತ್ತಿಲ್ಲದೆ ಬ್ರೇಕ್ ಸುಟ್ಟುಕೊಳ್ಳುವವರನ್ನು ಮಾರನಹಳ್ಳಿಯ ಕೆಳಗೆ ದಿನವೂ ಕಾಣಬಹುದು. ಶಿರಾಡಿಯ ಕಾಂಕ್ರೀಟ್ ರಸ್ತೆ, ಅಡ್ಡಹೊಳೆವರೆಗೆ ಸುಮಾರು 26 ಕಿ.ಮೀ., ನುಣುಪಾಗಿರುವುದರಿಂದ ವೇಗ ಏರಿದ್ದು ಗೊತ್ತಾಗುವುದಿಲ್ಲ. ಮೂರನೇ ಗೇರಿನಲ್ಲಿ ಇಳಿಯಿರಿ, ಕಡಿದಾದಲ್ಲಿ ಎರಡು. ಆಟೊಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡ್ ಅಥವಾ ಎಲ್. ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಇರಬಾರದು, ಗಟ್ಟಿಯಾಗಿ ಒತ್ತಿ ಬಿಡಬೇಕು. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುತ್ತೇನೆ ಎನ್ನುವವರ ಕಾರು ಹತ್ತಬೇಡಿ; ಗೇರಿನಲ್ಲಿ ಇಳಿಯುವಾಗ ಈಗಿನ ಎಂಜಿನ್‌ಗಳು ಇಂಧನವನ್ನು ತಾವೇ ಕತ್ತರಿಸುತ್ತವೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ, ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಮಂಜಿನಲ್ಲಿ ಲೋ ಬೀಮ್ ಮತ್ತು ಫಾಗ್ ಲ್ಯಾಂಪ್ ಸಾಕು. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಹೋಗುವವರಿಂದ ಹಿಂದಿನವರಿಗೆ ಗಾಡಿ ನಿಂತಿದೆಯೋ ಓಡುತ್ತಿದೆಯೋ ತಿಳಿಯುವುದಿಲ್ಲ.

ವಿದ್ಯುತ್ ಕಾರಿನವರು ವಾಪಸ್ ಬರುವಾಗ ಲೆಕ್ಕ ತಪ್ಪುತ್ತಾರೆ. ಜನ ಸೇರಿ 1,800 ಕೆ.ಜಿ. ಇರುವ ಗಾಡಿಯನ್ನು ಸುಮಾರು 900 ಮೀಟರ್ ಎತ್ತರದ ಸಕಲೇಶಪುರಕ್ಕೆ ಏರಿಸಲು, ದೂರಕ್ಕೆ ಬೇಕಾದದ್ದರ ಮೇಲೆ ಹೆಚ್ಚುವರಿಯಾಗಿ ನಾಲ್ಕೂವರೆಯಿಂದ ಐದು ಯೂನಿಟ್ ಬೇಕು. ಪರದೆಯ ಮೇಲಿನ ಕಿ.ಮೀ. ಅಂಕಿಯಲ್ಲಿ ಮೂವತ್ತು ನಲವತ್ತನ್ನು ಘಟ್ಟಕ್ಕೆಂದು ಬಿಟ್ಟುಬಿಡಿ.

ಹೊರಡುವ ಹೊತ್ತು ಬೆಳಗ್ಗೆ ಐದು. ಒಂಬತ್ತರೊಳಗೆ ಸಕಲೇಶಪುರ, ಹನ್ನೊಂದಕ್ಕೆ ಕಲ್ಲಡ್ಕದಲ್ಲಿ ಹಾಲು ಕೆಳಗೆ ಡಿಕಾಕ್ಷನ್ ಮೇಲೆ ಇರುವ ಕೆ.ಟಿ. (ಕಲ್ಲಡ್ಕ ಟೀ) ಕುಡಿಯಬಹುದು. ಶುಕ್ರವಾರ ಸಂಜೆ ನೆಲಮಂಗಲದ ಕಡೆ ಕಾರು ತಿರುಗಿಸುವುದು ಶಿಕ್ಷೆ.

ಇನ್ನು ಮಳೆ. ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಮೇಲೆ ಹೇಳಿದ್ದರಲ್ಲಿ ಅರ್ಧ ಬದಲಾಗುತ್ತದೆ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಟ್ಟ, ಸಂಪಾಜೆ ಘಟ್ಟ, ರೈಲು ಹಳಿ ಮೂರೂ ಏಕಕಾಲಕ್ಕೆ ಮುಚ್ಚಿದ್ದವು. 2019ರಲ್ಲಿ ಚಾರ್ಮಾಡಿ ಘಟ್ಟದ ಸರದಿ. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿಯಿತು, ಅದೇ ತಿಂಗಳು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕೊಚ್ಚಿಹೋಗಿ ರೈಲುಗಳು ರದ್ದಾದವು. ರಸ್ತೆ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದ ಜಾಗಗಳಲ್ಲೇ ಜರಿತ ಹೆಚ್ಚು. ಈ ತಿಂಗಳುಗಳಲ್ಲಿ ಹೊರಡುವ ಮೊದಲು ಹಾಸನ ಮತ್ತು ದಕ್ಷಿಣ ಕನ್ನಡ ಎರಡೂ ಜಿಲ್ಲಾಧಿಕಾರಿಗಳ ಆದೇಶ ನೋಡಬೇಕು, ಒಂದೇ ಸಾಲದು. ಶಿರಾಡಿ ಮುಚ್ಚಿದರೆ ಬಸ್ಸುಗಳು ಮೈಸೂರು–ಮಡಿಕೇರಿ–ಸಂಪಾಜೆ ಹಿಡಿಯುತ್ತವೆ, ಎರಡು ಮೂರು ಗಂಟೆ ಹೆಚ್ಚು. ಚಾರ್ಮಾಡಿ ಸಣ್ಣ ಗಾಡಿಗೆ ತೆರೆದಿದ್ದರೂ ಎಲ್ಲರೂ ಅಲ್ಲಿಗೇ ನುಗ್ಗುವುದರಿಂದ ಕೊಟ್ಟಿಗೆಹಾರದ ಕೆಳಗೆ ಸಾಲುಗಟ್ಟಿ ನಿಲ್ಲಬೇಕು. ಮಳೆಗಾಲದಲ್ಲಿ ರಾತ್ರಿಗಿಂತ ಹಗಲು ಬಸ್ಸು ಒಳ್ಳೆಯದು. ಸಿಕ್ಕಿಬಿದ್ದರೂ ಬೆಳಕಿನಲ್ಲಿ ಸಿಕ್ಕಿಬೀಳುತ್ತೀರಿ.

ಆಗ ಉಳಿಯುವುದು ವಿಮಾನ. ಆದರೆ ಬಜ್ಪೆಯದು ಗುಡ್ಡದ ತುದಿ ಸಮತಟ್ಟು ಮಾಡಿದ ಟೇಬಲ್‌ಟಾಪ್ ರನ್‌ವೇ, ಮೋಡ ಕೆಳಗಿಳಿದರೆ ಇಳಿಯಲು ಬಿಡುವುದಿಲ್ಲ. ಬೇರೆ ಊರಿಗೆ ತಿರುಗಿಸುತ್ತಾರೆ, ಇಲ್ಲವೇ ಹೊರಟಲ್ಲಿಗೇ ವಾಪಸ್ ತರುತ್ತಾರೆ. ಜುಲೈಯಲ್ಲಿ ಆಸ್ಪತ್ರೆ, ಕೋರ್ಟು, ಇಂಟರ್‌ವ್ಯೂ ಇರುವವರು ಹಿಂದಿನ ದಿನದ ವಿಮಾನ ಹಿಡಿಯಲಿ. ಡಿಸೆಂಬರ್, ಜನವರಿಯಲ್ಲಿ ತೊಂದರೆ ಈ ತುದಿಯಲ್ಲಿ: ದೇವನಹಳ್ಳಿಯ ಮುಂಜಾನೆಯ ಮಂಜು. ಒಂಬತ್ತರ ನಂತರದ ವಿಮಾನ ತೆಗೆದುಕೊಂಡರೆ ಸಾಕು. ಬ್ಯಾಗ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಟರ್ಮಿನಲ್ 1 ಯಾವುದು 2 ಯಾವುದು ಎಂದು ಟಿಕೆಟ್ಟಿನಲ್ಲೇ ನೋಡಿಕೊಳ್ಳಿ.

ಊರಿನಿಂದ ವಾಪಸ್ ಬರುವಾಗ ಮಾತ್ರ ಚೀಲವೇ ವಾಹನವನ್ನು ನಿರ್ಧರಿಸುತ್ತದೆ. ವಿಮಾನದಲ್ಲಿ 15 ಕೆ.ಜಿ. ಒಳಗೆ, 7 ಕೆ.ಜಿ. ಕೈಯಲ್ಲಿ, ಕೊಬ್ಬರಿ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಎಲ್ಲೂ ಬಿಡುವುದಿಲ್ಲ, ಉಪ್ಪಿನಕಾಯಿ ಕೈಚೀಲದಲ್ಲಿ ಬಿಡುವುದಿಲ್ಲ. ರೈಲಿನ ಸ್ಲೀಪರ್‌ನಲ್ಲಿ 40 ಕೆ.ಜಿ. ಉಚಿತ, ಕುಚ್ಚಲಕ್ಕಿ ಚೀಲ ಸೀಟಿನ ಕೆಳಗೆ ಸಲೀಸಾಗಿ ಹೋಗುತ್ತದೆ. ಬಸ್ಸಿನ ಡಿಕ್ಕಿಯಲ್ಲಿ ತೆಂಗಿನಕಾಯಿ ಗೋಣಿ ಹಾಕುವವರು ಬಾಯಿ ಹೊಲಿದು ಹೆಸರು ಬರೆಯಿರಿ, ಎಲ್ಲ ಗೋಣಿಯೂ ಒಂದೇ ಥರ ಕಾಣುತ್ತದೆ. ಒಣಮೀನು ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿ ಪ್ಲಾಸ್ಟಿಕ್‌ನಲ್ಲಿ, ಅದು ಡಿಕ್ಕಿಯಲ್ಲಿ. ಹಣ್ಣಾದ ಹಲಸನ್ನು ಮಾತ್ರ ಎ.ಸಿ. ಸ್ಲೀಪರ್ ಒಳಗೆ ತರಬೇಡಿ, ಗುಂಡ್ಯ ತಲುಪುವ ಮೊದಲೇ ಇಡೀ ಬಸ್ಸಿಗೆ ನಿಮ್ಮ ಬರ್ತ್ ನಂಬರ್ ಗೊತ್ತಾಗಿರುತ್ತದೆ.